ಹೆಡ್ ತೇಯಿಸುವ ಮುಂಚೆ ಸಿರಿಂಜ್ ತನ್ನಿ

ಸುದ್ದಿ ಹುಡುಕಿಕೊಂಡು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸುತ್ತುವ ನಮಗೆ ಗ್ಯಾರೇಜು, ಲೇತ್ ಅಂಗಡಿಗಳು ಟೀ ಅಂಗಡಿಯಷ್ಟೇ ಪರಿಚಯ. ಅಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು ಒಂದಿದೆ: "ಹೆಡ್ ಒಂಚೂರು ಇಳಿಸಿ ಕೊಡ್ತೀನಿ ಬಿಡಣ್ಣ, ಗಾಡಿ ಹೆಂಗ್ ಎಳೀತೈತೆ ನೋಡು." ಆ ಒಂಚೂರು ಅಂದರೆ ಎಷ್ಟು ಅಂತ ಕೇಳಿದರೆ ಉತ್ತರ ಬರುವುದು ಕಡಿಮೆ. ಈ ಸಲ ಆ ಒಂಚೂರಿನ ಲೆಕ್ಕವನ್ನೇ ಹೇಳುತ್ತೇವೆ.

ನಮ್ಮ ಮನೆಯಲ್ಲಿ ಅಪ್ಪನ ಕಾಲದ 250 ಸಿಸಿ ಯೆಜ್ಡಿ ಇದೆ. ಅಪ್ಪ ಅದರಲ್ಲಿ ತೆಂಗಿನಕಾಯಿ ಚೀಲ ಹೇರಿಕೊಂಡು ಸಂತೆಗೆ ಹೋಗುತ್ತಿದ್ದರು. ಈಗ ನಾವು ಕ್ಯಾಮೆರಾ ಬ್ಯಾಗ್ ಹಾಕಿಕೊಂಡು ಹೋಗುತ್ತೇವೆ. ಒಂದು ಬೇಸಿಗೆಯಲ್ಲಿ ಹೆಡ್ ಪ್ಯಾಕಿಂಗ್ ಹೋಯಿತು. ಹೆಡ್ ಬಾಗಿದೆ ಎಂದು ಒಂದು ಅಂಗಡಿಯವರು ಫೇಸಿಂಗ್ ಮಾಡಿಕೊಟ್ಟರು. ಎಷ್ಟು ತೆಗೆದರು ಎಂದು ಅಳೆಯಲಿಲ್ಲ, ಬರೆದು ಕೊಡಲೂ ಇಲ್ಲ. ಮೊದಲ ವಾರ ಗಾಡಿ ಕುದುರೆಯಂತೆ ಓಡಿತು. ಆಮೇಲೆ ಏರು ಹತ್ತುವಾಗ ಒಳಗಿಂದ ಟಣಟಣ ಸದ್ದು ಶುರುವಾಯಿತು. ಅಮ್ಮನನ್ನು ಹಿಂದೆ ಕೂರಿಸಿಕೊಂಡು ಹೊಳಲ್ಕೆರೆ ಕಡೆಯಿಂದ ಬರುವಾಗ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ನಿಂತೇಬಿಟ್ಟಿತು. ತಕ್ಷಣ ಕ್ಲಚ್ ಹಿಡಿದಿದ್ದರಿಂದ ಇಬ್ಬರೂ ಬೀಳಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ ತಲೆ ಕರಗಿ ಗುಳಿ ಬಿದ್ದಿತ್ತು. ಬೋರ್, ಪಿಸ್ಟನ್, ರಿಂಗ್ ಎಲ್ಲ ಸೇರಿ ನಮ್ಮ ಎರಡು ತಿಂಗಳ ಸುದ್ದಿ ದುಡ್ಡು ಅದಕ್ಕೇ ಹೋಯಿತು.

ಈ ಗಾಡಿ ನಮ್ಮ ರಾಜ್ಯದ್ದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಯಿತು. ಮೊದಲು ಜಾವಾ, ಆಮೇಲೆ ಯೆಜ್ಡಿ ಅಲ್ಲಿಂದ ಬಂದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಈಗ ಅದೇ ಹೆಸರಿನಲ್ಲಿ ಬರುವ ಹೊಸ ಗಾಡಿಗಳು ಫೋರ್ ಸ್ಟ್ರೋಕ್, ಅವುಗಳ ಹೆಡ್ ನಮ್ಮ ಟೂ ಸ್ಟ್ರೋಕ್‌ಗೆ ಕೂರುವುದಿಲ್ಲ. ಹಾಗಾಗಿ ಗುಜರಿ ಹೆಡ್, ಬೇರೆ ಮಾಡೆಲ್ ಹೆಡ್, ಒಮ್ಮೆ ತೇದ ಹೆಡ್ಡನ್ನೇ ಮತ್ತೆ ತೇಯುವುದು, ಇವೇ ಗತಿ. ಅಳತೆ ಗೊತ್ತಿರಬೇಕಾದದ್ದು ಇದಕ್ಕೇ.

ಕಂಪ್ರೆಷನ್ ರೇಷಿಯೋ ಅಂದರೆ ದೊಡ್ಡ ವಿದ್ಯೆ ಏನಲ್ಲ. ಪಿಸ್ಟನ್ ಕೆಳಗಿದ್ದಾಗ ಬೋರ್ ಮತ್ತು ಹೆಡ್ ಒಳಗೆ ಇರುವ ಒಟ್ಟು ಜಾಗವನ್ನು, ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗದಿಂದ ಭಾಗಿಸಿದರೆ ಬರುವ ಸಂಖ್ಯೆ.

ನಮ್ಮ ಗಾಡಿಯ ಬೋರ್ 65 ಮಿ.ಮೀ., ಸ್ಟ್ರೋಕ್ 75 ಮಿ.ಮೀ. ಅಂದರೆ ಪಿಸ್ಟನ್ ಓಡಾಡುವ ಜಾಗ ಸುಮಾರು 249 ಸಿಸಿ. ಮೇಲೆ ಉಳಿಯುವ ಜಾಗ 35 ಸಿಸಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 249ಕ್ಕೆ 35 ಕೂಡಿಸಿದರೆ 284. ಅದನ್ನು 35ರಿಂದ ಭಾಗಿಸಿದರೆ 8.1. ಈಗ ಹೆಡ್ 1 ಮಿ.ಮೀ. ತೇದರೆ ಸುಮಾರು 3.3 ಸಿಸಿ ಜಾಗ ಕಡಿಮೆಯಾಗುತ್ತದೆ, ರೇಷಿಯೋ 8.8 ದಾಟುತ್ತದೆ. 2 ಮಿ.ಮೀ. ತೇದರೆ 9.7 ದಾಟುತ್ತದೆ. ಬೆರಳ ಉಗುರಿನಷ್ಟು ದಪ್ಪದ ಲೋಹ ಹೋದರೆ ಎಂಜಿನ್ ಸ್ವಭಾವವೇ ಬದಲಾಗುತ್ತದೆ.

ರೇಷಿಯೋ ಏರಿದರೆ ಎಳೆತ ಜಾಸ್ತಿ ಆಗುವುದು ನಿಜ. ಆದರೆ ಹೆಚ್ಚು ಒತ್ತಿದಷ್ಟೂ ಒಳಗೆ ಕಾವು ಹೆಚ್ಚು. ಒಂದು ಮಿತಿ ದಾಟಿದರೆ ಪ್ಲಗ್‌ನ ಕಿಡಿಯಿಂದ ಹೊತ್ತಿದ ಬೆಂಕಿ ಮೂಲೆಗೆ ತಲುಪುವ ಮುಂಚೆಯೇ ಅಲ್ಲಿನ ಪೆಟ್ರೋಲ್ ತಾನಾಗೇ ಸಿಡಿಯುತ್ತದೆ. ಟಣಟಣ ಸದ್ದು ಅದೇ. ಪೆಟ್ರೋಲ್‌ಗೆ ಶೇ. 20 ಎಥೆನಾಲ್ ಬೆರೆತರೆ ಈ ಸಿಡಿತ ತಡೆಯುವ ಗುಣ ಹೆಚ್ಚುತ್ತದೆ, ಆದರೆ ಹಳೆ ಕಾರ್ಬುರೇಟರ್‌ನಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಕಾಯುತ್ತದೆ. ಪ್ಲಗ್ ಬಿಚ್ಚಿದಾಗ ತುದಿ ಬೆಳ್ಳಗಿದ್ದರೆ, ಮೇಲೆ ಹೊಳೆಯುವ ಸಣ್ಣ ಕಣಗಳಿದ್ದರೆ ಗಾಡಿ ನಿಲ್ಲಿಸಿ. ಆ ಕಣ ಪಿಸ್ಟನ್‌ದು.

ಹಿರಿಯೂರಿನಲ್ಲಿ ವಯಸ್ಸಾದ ಮೇಸ್ತ್ರಿ ಒಬ್ಬರಿದ್ದಾರೆ. ಗಾಡಿ ಸರಿಮಾಡಿದ್ದು ಅವರೇ. ಅವರು ಮೊದಲು ಕೇಳಿದ್ದು ಲೇತ್ ಅಲ್ಲ, ಮೆಡಿಕಲ್ ಅಂಗಡಿಯಿಂದ 10 ಎಂಎಲ್ ಸಿರಿಂಜ್. "ತೇಯೋದು ಐದು ನಿಮಿಷದ ಕೆಲ್ಸ ತಮ್ಮಾ. ತೇದಿದ್ದು ವಾಪಸ್ ಬರಾಕಿಲ್ಲ. ಮೊದ್ಲು ಅಳೀರಿ," ಅಂದರು.

ಅವರು ಮಾಡಿದ್ದು ಹೀಗೆ. ತಣ್ಣಗಿದ್ದ ಎಂಜಿನ್‌ನಲ್ಲಿ ಪಿಸ್ಟನ್ ಪೂರ್ತಿ ಮೇಲೆ ತಂದು, ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ, ಹೆಡ್ ಬಿಗಿದರು. ಪ್ಲಗ್ ತೂತು ನೆಟ್ಟಗೆ ಮೇಲೆ ನೋಡುವ ಹಾಗೆ ಗಾಡಿ ವಾಲಿಸಿದರು. ಸೀಮೆಎಣ್ಣೆಗೆ ಸ್ವಲ್ಪ ಆಯಿಲ್ ಬೆರೆಸಿ, ತೂತಿನ ಮರೆ ಶುರುವಾಗುವ ತನಕ ಸಿರಿಂಜ್‌ನಿಂದ ತುಂಬಿಸಿದರು. ಎಷ್ಟು ಎಂಎಲ್ ಹಿಡಿಯಿತೋ ಅಷ್ಟೇ ಸಿಸಿ. ಮುಗಿದ ಮೇಲೆ ಅದನ್ನೆಲ್ಲ ಎಳೆದು ತೆಗೆದು ಒರೆಸಲೇಬೇಕು. ಒಳಗೆ ಬಿಟ್ಟು ಕಿಕ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇನ್ನೊಂದು ಪರೀಕ್ಷೆ ಬೆಸುಗೆ ತಂತಿಯದು. ಪಿಸ್ಟನ್ ಅಂಚಿನ ಮೇಲೆ ತಂತಿ ಇಟ್ಟು, ಎಂಜಿನ್ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆಯುವುದು. ಅದು ತೀರಾ ತೆಳುವಾಗಿದ್ದರೆ ಓಡುವಾಗ ಪಿಸ್ಟನ್ ಹೆಡ್‌ಗೆ ಬಡಿಯುತ್ತದೆ.

ಹೆಚ್ಚು ತೇದ ಹೆಡ್‌ಗೆ ದಪ್ಪನೆಯ ತಾಮ್ರದ ಪ್ಯಾಕಿಂಗ್ ಹಾಕಿ ಜಾಗ ವಾಪಸ್ ಪಡೆಯಬಹುದು. ನಮ್ಮ ಗಾಡಿಗೂ ಅದನ್ನೇ ಹಾಕಿದರು. ಬೋರ್ ಕೆಳಗಿನ ಪ್ಯಾಕಿಂಗ್ ದಪ್ಪ ಮಾಡಿ ಸರಿದೂಗಿಸಲು ಹೋಗಬೇಡಿ. ಟೂ ಸ್ಟ್ರೋಕ್‌ನಲ್ಲಿ ಬೋರ್ ಎತ್ತರ ಬದಲಾದರೆ ಪೋರ್ಟ್ ತೆರೆದು ಮುಚ್ಚುವ ಸಮಯವೂ ಬದಲಾಗುತ್ತದೆ.

ಅಡಿಕೆ, ತೆಂಗಿನ ತೋಟದ ಡೀಸೆಲ್ ಪಂಪು, ಟ್ರ್ಯಾಕ್ಟರ್ ಇರುವವರಿಗೂ ಒಂದು ಮಾತು. ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ, ಒತ್ತಿದ ಗಾಳಿಯ ಕಾವಿಗೇ ಹೊತ್ತಬೇಕು. ಅಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಇರುವ ಸಂದು ಬಹಳ ಸಣ್ಣದು. ಅಳೆಯದೆ ತೇದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಬಾಗುತ್ತದೆ. ಬೇಸಿಗೆಯಲ್ಲಿ ನೀರು ನಿಂತರೆ ತೋಟಕ್ಕೆ ಏನಾಗುತ್ತದೆ ಅಂತ ನಿಮಗೆ ನಾವು ಹೇಳಬೇಕಿಲ್ಲ.

ಲೇತ್‌ನವರಿಗೆ ಹೆಡ್ ಕೊಡುವಾಗ ಮೂರೇ ಪ್ರಶ್ನೆ ಕೇಳಿ. ಮೊದಲು ಎಷ್ಟು ಸಿಸಿ ಇತ್ತು? ಎಷ್ಟು ಮಿ.ಮೀ. ತೆಗೆಯುತ್ತೀರಿ? ತೆಗೆದ ಮೇಲೆ ಎಷ್ಟು ಸಿಸಿ ಉಳಿಯುತ್ತದೆ? ಬಾಗಿದ್ದು ನೆಟ್ಟಗಾಗುವಷ್ಟು ಮಾತ್ರ ತೆಗೆಸಿ. ಆ ಮೂರು ಸಂಖ್ಯೆಯನ್ನು ಒಂದು ರಟ್ಟಿನ ಮೇಲೆ ಬರೆದು ಆರ್‌ಸಿ ಜತೆ ಇಡಿ. ಮುಂದೆ ನಿಮ್ಮ ಮಗನೋ ಮಗಳೋ ಅದೇ ಗಾಡಿಯನ್ನು ಯಾವ ಮೇಸ್ತ್ರಿ ಹತ್ತಿರ ಒಯ್ದರೂ ಆ ರಟ್ಟು ನೋಡಿದ ಮೇಲೆಯೇ ಹೆಡ್‌ಗೆ ಕೈ ಹಾಕಿಸಲಿ.