ಖಳನ ಮುಖ

ಗೂಢಚಾರರ ಚಲಚ್ಚಿತ್ರಗಳನ್ನು ನೋಡಿ ಬಂದವರು ನಾಯಕನ ವಿಷಯವಾಗಿ ಜಗಳವಾಡುವುದು ಅಪರೂಪ. ಅವನು ಗೆಲ್ಲುವನೆಂಬುದು ಟಿಕೆಟ್ಟು ಕೊಳ್ಳುವಾಗಲೇ ಗೊತ್ತಿರುತ್ತದೆ. ಚರ್ಚೆಗೆ ಎಡೆಯಿರುವುದು ಖಳನ ವಿಷಯದಲ್ಲಿ. ಜೇಮ್ಸ್ ಬಾಂಡನ ಚಿತ್ರಮಾಲೆಯಲ್ಲಿ 1962ರ ‘ಡಾಕ್ಟರ್ ನೋ’ ಮೊದಲ್ಗೊಂಡು 2021ರ ‘ನೋ ಟೈಮ್ ಟು ಡೈ’ವರೆಗೆ ಇಪ್ಪತ್ತೈದು ಚಿತ್ರಗಳು ಬಂದಿವೆ. ಅವುಗಳ ಖಳರಲ್ಲಿ ಉತ್ತಮನಾರು, ಅಧಮನಾರು ಎಂಬ ತರ್ಕವು ನಮ್ಮ ಮನೆಯಲ್ಲಿ ಭಾನುವಾರದ ಬೆಳಗಿನ ಕಾಫಿಯೊಡನೆ ಆರಂಭವಾದರೆ ಮಧ್ಯಾಹ್ನ ಎಲೆ ಹಾಕುವವರೆಗೂ ನಿಲ್ಲುವುದಿಲ್ಲ. ಹಿರಿಯರು ನಡುವೆ ಬಾಯಿ ಹಾಕಿ 1968ರ ‘ಜೇಡರ ಬಲೆ’ಯ ಮುಂದೆ ಇವೆಲ್ಲ ಏನು ಎನ್ನುವುದುಂಟು. ಅದರ ಖಳನಾರೆಂದು ಕೇಳಿದರೆ ಮಾತ್ರ ಯಾರಿಗೂ ನೆನಪಾಗದು, ಸಿ.ಐ.ಡಿ. 999 ಆಗಿ ಬಂದ ರಾಜಕುಮಾರರೇ ಅವರ ಕಣ್ಣಲ್ಲಿ ತುಂಬಿರುತ್ತಾರೆ.

ಉತ್ತಮ ಪದವಿಗೆ ಹೆಚ್ಚು ಮತ ಬೀಳುವುದು 1964ರ ಚಿತ್ರದ ಗೋಲ್ಡ್‌ಫಿಂಗರನಿಗೆ. ಆ ಪಾತ್ರವನ್ನು ವಹಿಸಿದ ಗರ್ಟ್ ಫ್ರೋಬೆ ಜರ್ಮನ್ ನಟ. ಅವನ ಇಂಗ್ಲಿಷು ಸಾಲದೆ, ಮೈಕೇಲ್ ಕಾಲಿನ್ಸ್ ಎಂಬ ಇನ್ನೊಬ್ಬ ನಟನ ಕಂಠವನ್ನು ಜೋಡಿಸಿದರು. ಶರೀರ ಒಬ್ಬನದು, ಶಾರೀರ ಮತ್ತೊಬ್ಬನದು. ಆದರೂ ಎಲ್ಲಿಯೂ ಹೊಲಿಗೆ ಕಾಣದು. ಅಮೆರಿಕದ ಫೋರ್ಟ್ ನಾಕ್ಸಿನ ಚಿನ್ನದ ಮೇಲೆ ಇವನ ಕಣ್ಣು. ಸಾಮಾನ್ಯ ಕಳ್ಳನಾದರೆ ಅದನ್ನು ಹೊತ್ತೊಯ್ಯುವ ಉಪಾಯವನ್ನು ಹುಡುಕುತ್ತಿದ್ದನು. ಇವನಿಗೆ ಆ ಚಿನ್ನದ ಒಂದು ಗಟ್ಟಿಯೂ ಬೇಡ. ಅಣುವಿಕಿರಣದಿಂದ ಅದನ್ನೆಲ್ಲ ದಶಕಗಳವರೆಗೆ ಯಾರೂ ಮುಟ್ಟದಂತೆ ಕೆಡಿಸಿಬಿಟ್ಟರೆ ತನ್ನ ಬಳಿಯಿರುವ ಚಿನ್ನದ ಬೆಲೆ ತಾನೇ ಏರುವುದೆಂಬ ಲೆಕ್ಕ ಅವನದು. ಇಷ್ಟು ದೊಡ್ಡ ಲೆಕ್ಕದವನು ಇಸ್ಪೀಟಿನಲ್ಲಿಯೂ ಗಾಲ್ಫಿನಲ್ಲಿಯೂ ಪುಡಿ ಮೋಸ ಮಾಡದೆ ಇರಲಾರನು. ಆ ಅಲ್ಪತನದಿಂದಲೇ ಅವನು ನಂಬತಕ್ಕ ಮನುಷ್ಯನಾಗಿದ್ದಾನೆ.

ಅಧಮರ ವಿಷಯದಲ್ಲಿ ನಾನು ಹೆಚ್ಚು ಹೊತ್ತು ಕಳೆಯಲಾರೆ. 2002ರ ‘ಡೈ ಅನದರ್ ಡೇ’ಯಲ್ಲಿ ಕೊರಿಯಾದ ಸೇನಾಧಿಕಾರಿಯೊಬ್ಬನು ವಂಶಾಣು ಚಿಕಿತ್ಸೆಯಿಂದ ಬಿಳಿಯ ಇಂಗ್ಲಿಷ್ ಮಹನೀಯನಾಗಿ ಮಾರ್ಪಡುತ್ತಾನೆ, ಮಕ್ಕಳೂ ನಕ್ಕರು. ಬ್ಲೋಫೆಲ್ಡನ ಗತಿ ಇದಕ್ಕಿಂತ ಶೋಚನೀಯ. 1963ರ ಚಿತ್ರದಲ್ಲಿ ಅವನ ಮುಖವನ್ನು ತೋರಿಸಲೇ ಇಲ್ಲ. ಬಿಳಿಯ ಬೆಕ್ಕನ್ನು ನೇವರಿಸುವ ಕೈಯೊಂದು ಕಾಣುತ್ತಿತ್ತು, ಅಷ್ಟೆ. ಭಯಕ್ಕೆ ಅದೇ ಸಾಕಾಗಿತ್ತು. 2015ರ ‘ಸ್ಪೆಕ್ಟರ್’ ಚಿತ್ರಕ್ಕೆ ಬರುವ ವೇಳೆಗೆ, ತಂದೆಯು ಅನಾಥನಾದ ಬಾಂಡನನ್ನು ತನಗಿಂತ ಹೆಚ್ಚು ಮುದ್ದಿಸಿದನೆಂಬ ಹೊಟ್ಟೆಕಿಚ್ಚೇ ಅವನ ಸಮಸ್ತ ದುಷ್ಟತನಕ್ಕೂ ಮೂಲವಾಯಿತು. ಲೋಕಕಂಟಕನು ದಾಯಾದಿ ಜಗಳದ ಮಟ್ಟಕ್ಕೆ ಇಳಿದನು.

ಈ ಚಿತ್ರಗಳಲ್ಲಿ ಒಂದು ಹಳೆಯ ರೂಢಿಯುಂಟು. ಡಾಕ್ಟರ್ ನೋನಿಗೆ ಲೋಹದ ಕೈಗಳು. 1965ರ ಲಾರ್ಗೋನಿಗೆ ಒಂದು ಕಣ್ಣಿಗೆ ಪಟ್ಟಿ. 1967ರಲ್ಲಿ ಕೊನೆಗೆ ಮುಖ ತೋರಿಸಿದ ಬ್ಲೋಫೆಲ್ಡನಿಗೆ ಕಣ್ಣಿನ ಮೇಲಿಂದ ಇಳಿದ ಗಾಯದ ಕಲೆ. 1995ರ ಟ್ರೆವೆಲಿಯನ್ನನಿಗೆ ಸುಟ್ಟ ಕೆನ್ನೆ. 2021ರ ಸಾಫಿನನಿಗೆ ವಿಷದಿಂದ ಕೆಟ್ಟ ಚರ್ಮ.

ನನ್ನ ತಂಗಿಗೆ ಒಬ್ಬ ಮಗಳಿದ್ದಾಳೆ. ಮೂರು ವರ್ಷದ ಕೂಸಾಗಿದ್ದಾಗ ಹಂಡೆಯ ಬಿಸಿನೀರು ಬಿದ್ದು ಅವಳ ಎಡಗೆನ್ನೆಯಿಂದ ಕುತ್ತಿಗೆಯವರೆಗೆ ಚರ್ಮ ಸುಕ್ಕುಗಟ್ಟಿದೆ. ನಮ್ಮ ತರ್ಕದಲ್ಲಿ ಎಲ್ಲರಿಗಿಂತ ಗಟ್ಟಿಯಾದ ಧ್ವನಿ ಅವಳದು. ಒಂದು ದಿನ ನನ್ನ ಅಣ್ಣನ ಮಗನು ಸಾಫಿನನ ಪಕ್ಷವಹಿಸಿ, “ಮುಖ ನೋಡಿದ ಕೂಡಲೇ ಕೇಡಿಯೆಂದು ತಿಳಿಯುತ್ತದೆ, ಖಳನೆಂದರೆ ಹಾಗಿರಬೇಕು” ಎಂದನು. ಅವಳು ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ, “ಹಾಗಾದರೆ ನನಗೂ ಒಂದು ದ್ವೀಪ ಕೊಡಿಸಿ, ಮಾವ” ಎಂದು ನಕ್ಕಳು. ಬಳಿಕ, “ಗೋಲ್ಡ್‌ಫಿಂಗರನೇ ಮೇಲು. ಅವನ ಮುಖದಲ್ಲಿ ಏನೂ ಇಲ್ಲ. ಅವನು ಎಂಥವನೆಂದು ಅವನು ಮಾಡುವುದನ್ನು ನೋಡಿಯೇ ತಿಳಿಯಬೇಕು” ಎಂದಳು. ಹುಡುಗನು ಕಾಫಿಯ ಲೋಟದೊಳಗೆ ನೋಡುತ್ತ ಕುಳಿತನು.

ನಮ್ಮ ಯಕ್ಷಗಾನದ ರಾಕ್ಷಸನೂ ಮುಖದಿಂದಲೇ ತನ್ನ ಜಾತಿಯನ್ನು ಸಾರುವುದಿಲ್ಲವೆ ಎಂದು ವಾಚಕರು ಕೇಳಬಹುದು. ನಿಜ, ಆದರೆ ಅದು ಬಣ್ಣ. ಬೆಳಗಾಗುವಷ್ಟರಲ್ಲಿ ತೊಳೆದುಹೋಗುತ್ತದೆ, ಆ ಮುಖವನ್ನು ಹೊತ್ತು ಸಂತೆಗೆ ಹೋಗಬೇಕಾದವರು ಯಾರೂ ಇಲ್ಲ. ಸುಟ್ಟ ಗಾಯ ಹಾಗಲ್ಲ. ಕಲೆಯುಳ್ಳ ಮುಖವನ್ನು ದುಷ್ಟತನದ ಗುರುತಾಗಿ ಬಳಸುವ ಚಿತ್ರಗಳಿಗೆ ತಾನು ಹಣ ಕೊಡುವುದಿಲ್ಲವೆಂದು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟು 2018ರಲ್ಲಿ ಸಾರಿತು. ಮೂರು ವರ್ಷದ ಬಳಿಕ ತೆರೆಕಂಡ ಸಾಫಿನನ ಮೇಲೆ ಆ ನಿರ್ಧಾರದ ನೆರಳೂ ಬಿದ್ದಿಲ್ಲ.

ನನ್ನ ಮತ ಮೊದಲಿನಿಂದಲೂ ಬೇರೊಬ್ಬನಿಗೆ. 2008ರ ‘ಕ್ವಾಂಟಮ್ ಆಫ್ ಸೊಲೇಸ್’ ಚಿತ್ರದ ಡೊಮಿನಿಕ್ ಗ್ರೀನನನ್ನು ರಸಿಕರು ಬಹುಮಟ್ಟಿಗೆ ಕೆಳಗಿನ ಸಾಲಿನಲ್ಲಿಯೇ ಕೂರಿಸುತ್ತಾರೆ. ಚಿತ್ರವು ಒಟ್ಟಿನಲ್ಲಿ ಅವಸರದ ಅಡಿಗೆಯೆಂಬುದನ್ನು ನಾನೂ ಒಪ್ಪುತ್ತೇನೆ. ಗ್ರೀನನು ಕುಳ್ಳ, ಸಾಧಾರಣ ಮೈಕಟ್ಟಿನವನು, ಕಲೆಯಿಲ್ಲ, ಬೆಕ್ಕಿಲ್ಲ. ಪಾತ್ರಧಾರಿಯಾದ ಮಾತ್ಯೂ ಅಮಾಲ್ರಿಕನು ಮುಖಕ್ಕೆ ಏನಾದರೂ ವೇಷ ಬೇಕೆಂದು ಬಯಸಿದಾಗ ನಿರ್ದೇಶಕ ಮಾರ್ಕ್ ಫಾರ್ಸ್ಟರನು ಬೇಡವೆಂದನಂತೆ. ಪ್ರಕೃತಿಯ ರಕ್ಷಕನೆಂದು ಸಭೆಗಳಲ್ಲಿ ಹೆಸರು ಪಡೆದ ಈ ಸಭ್ಯನು ಬೊಲಿವಿಯಾದ ಮರುಭೂಮಿಯೊಂದನ್ನು ಕೊಳ್ಳುತ್ತಾನೆ. ಎಲ್ಲರೂ ಎಣ್ಣೆಗಾಗಿ ಎಂದು ಭಾವಿಸುತ್ತಾರೆ. ಅವನು ನೆಲದಡಿ ಕಟ್ಟೆ ಕಟ್ಟಿ ತಡೆದಿರುವುದು ನೀರನ್ನು. ಹಳ್ಳಿಯವರು ಬಿಂದಿಗೆ ಹಿಡಿದು ನಿಂತಿರುವಾಗಲೇ ನೀರು ನಿಂತುಹೋಗುವ ದೃಶ್ಯ ಒಂದು ಕ್ಷಣ ಬಂದು ಹೋಗುತ್ತದೆ. ನಮ್ಮ ಬಯಲುಸೀಮೆಯ ಯಾವ ಗೃಹಿಣಿಗೂ ಅದನ್ನು ವಿವರಿಸಬೇಕಾಗಿಲ್ಲ. ಇದು ಬರಿಯ ಕಲ್ಪನೆಯೂ ಅಲ್ಲ. ಅದೇ ಬೊಲಿವಿಯಾದ ಕೋಚಬಾಂಬಾ ನಗರದಲ್ಲಿ ನೀರಿನ ಸರಬರಾಜನ್ನು ಖಾಸಗಿಯವರಿಗೆ ಒಪ್ಪಿಸಿ ದರ ಏರಿದಾಗ ಜನರು ಬೀದಿಗಿಳಿದರು; 2000ದ ಏಪ್ರಿಲಿನಲ್ಲಿ ಸರಕಾರವು ಆ ಕರಾರನ್ನು ಕೈಬಿಡಬೇಕಾಯಿತು.

ಚಿತ್ರದ ಕೊನೆಯಲ್ಲಿ ಬಾಂಡನು ಗ್ರೀನನನ್ನು ಮರಳುಗಾಡಿನ ನಡುವೆ ಇಳಿಸಿ, ಬಾಯಾರಿದಾಗ ಬೇಕಾದೀತೆಂದು ಮೋಟಾರಿನ ಎಣ್ಣೆಯ ಡಬ್ಬಿಯೊಂದನ್ನು ಎಸೆದು ಹೊರಟುಹೋಗುತ್ತಾನೆ. ಹೆಣ ಸಿಕ್ಕಾಗ ಹೊಟ್ಟೆಯಲ್ಲಿ ಆ ಎಣ್ಣೆಯಿತ್ತೆಂದು ನಮಗೆ ತಿಳಿಯುತ್ತದೆ. ಇದನ್ನು ಕಳೆದ ಭಾನುವಾರ ಮತ್ತೊಮ್ಮೆ ವಿವರಿಸಿ ಹೇಳಿದೆ. ತಂಗಿಯ ಮಗಳು ಅವನನ್ನು ಎರಡು ಸ್ಥಾನ ಮೇಲಕ್ಕೆ ಏರಿಸಿದಳು. ಅಣ್ಣನ ಮಗನ ಪಟ್ಟಿಯಲ್ಲಿ ಅವನು ಇನ್ನೂ ಕಡೆಯವನೇ.