ಪರರ ಲೆಕ್ಕಕ್ಕೆ ಒಂದು ಯಂತ್ರ

ಎತ್ತು ಕೊಳ್ಳಲು ಜಾತ್ರೆಗೆ ಹೋದವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಂಸಾರಸ್ಥನಾದರೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ದಿನಕ್ಕೆ ಎಷ್ಟು ಮೇವು ತಿನ್ನುತ್ತದೆ? ಕೊಟ್ಟ ಬೆಲೆ ಒಂದು ದಿನದ ಮಾತು; ಮೇವಿನ ಖರ್ಚು ಅದು ಕೊಟ್ಟಿಗೆಯಲ್ಲಿ ಇರುವಷ್ಟು ಕಾಲದ ಮಾತು. ಪಂಚವಟಿಯ ನಮ್ಮ ಮನೆಗೆ ೨೦೨೪ರ ದೀಪಾವಳಿಯ ಹೊತ್ತಿಗೆ ಬಿಡಿಭಾಗಗಳನ್ನು ತಂದು ಒಂದು ಗಣಕಯಂತ್ರ ಜೋಡಿಸಿದೆವು. ಆಗ ಈ ಮೇವಿನ ಪ್ರಶ್ನೆಯೇ ಉಳಿದ ಎಲ್ಲ ಪ್ರಶ್ನೆಗಳನ್ನೂ ತೀರ್ಮಾನ ಮಾಡಿತು.

ಯಂತ್ರ ನಮ್ಮ ಕೆಲಸಕ್ಕೆ ಬೇಕಾಗಿರಲಿಲ್ಲ. ಪತ್ರ ಬರೆಯುವುದಕ್ಕೆ, ಮೊಮ್ಮಕ್ಕಳ ಮುಖ ನೋಡುವುದಕ್ಕೆ ಕೈಯಲ್ಲಿನ ಫೋನೇ ಸಾಕು. ಇದನ್ನು ತಂದದ್ದು ಪರರ ಲೆಕ್ಕ ಮಾಡಿಕೊಡಲು. ಓದುಗ ಬಂಧುಗಳಲ್ಲಿ ಕೆಲವರಿಗೆ ಇದು ಹೊಸ ಮಾತಾಗಿರಬಹುದು, ಆದ್ದರಿಂದ ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ವಿಜ್ಞಾನಿಗಳ ಬಳಿ ಕೆಲವು ಲೆಕ್ಕಗಳು ಬೆಟ್ಟದಷ್ಟಿರುತ್ತವೆ. ಅವನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನು ಲೋಕದ ಬೇರೆ ಬೇರೆ ಮನೆಗಳ ಯಂತ್ರಗಳಿಗೆ ಹಂಚುತ್ತಾರೆ. ಮನೆಯ ಯಂತ್ರ ಲೆಕ್ಕ ಮುಗಿಸಿ ಉತ್ತರ ಕಳಿಸಿ ಮತ್ತೊಂದು ಚೂರು ತೆಗೆದುಕೊಳ್ಳುತ್ತದೆ. ಕೂಲಿ ಇಲ್ಲ. ಒಂದೇ ಚೂರನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುವ ಪದ್ಧತಿಯೂ ಉಂಟು. ಮೂವತ್ತು ವರ್ಷ ಗಣಿತದ ಉತ್ತರಪತ್ರಿಕೆ ತಿದ್ದಿದ ನನಗೆ ಇದು ಬಹಳ ಹಿಡಿಸಿತು. ಇಲ್ಲಿ ಇಬ್ಬರ ಉತ್ತರ ಒಂದೇ ಬಂದರೆ ನಕಲು ಎಂದು ಯಾರೂ ಬೈಯುವುದಿಲ್ಲ!

ಇದರ ಹೆಸರು ಮೊದಲು ಮನೆಮಾತಾದದ್ದು ಅನ್ಯಲೋಕದ ಜೀವಿಗಳ ಸುಳಿವು ಹುಡುಕುವ 'ಸೆಟಿ ಅಟ್ ಹೋಮ್' ಎಂಬ ಯೋಜನೆಯಿಂದ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ೧೯೯೯ರಲ್ಲಿ ಆರಂಭಿಸಿದ ಅದು ೨೦೨೦ರ ಮಾರ್ಚಿನಲ್ಲಿ ಕೆಲಸ ಹಂಚುವುದನ್ನು ನಿಲ್ಲಿಸಿತು. ಜೀವಿಗಳು ಸಿಕ್ಕಲಿಲ್ಲ. ಸಿಕ್ಕವರೂ ಉಂಟು: 'ಐನ್‌ಸ್ಟೈನ್ ಅಟ್ ಹೋಮ್' ಯೋಜನೆಯಲ್ಲಿ ೨೦೧೦ರಲ್ಲಿ ಅಮೆರಿಕದ ಅಯೋವಾದ ಒಬ್ಬ ದಂಪತಿಗಳ ಯಂತ್ರವೂ ಜರ್ಮನಿಯ ಮೈಂಜ್ ಊರಿನ ಒಬ್ಬರ ಯಂತ್ರವೂ ಸೇರಿ ಯಾರೂ ಕಾಣದಿದ್ದ ಒಂದು ಪಲ್ಸಾರ್ ನಕ್ಷತ್ರವನ್ನು ಹಿಡಿದುಕೊಟ್ಟವು. ಅದೇ ಯೋಜನೆ ಗುರುತ್ವದ ಅಲೆಗಳನ್ನು ಹುಡುಕಲು ಅಮೆರಿಕದ ಲೈಗೊ ವೀಕ್ಷಣಾಲಯಗಳ ಮಾಹಿತಿಯನ್ನು ಜಾಲಾಡುತ್ತದೆ. ಅಂಥದೇ ವೀಕ್ಷಣಾಲಯ ನಮ್ಮ ಮರಾಠವಾಡದ ಹಿಂಗೋಲಿ ಜಿಲ್ಲೆಯಲ್ಲಿ ಏಳಬೇಕೆಂದು ಕೇಂದ್ರ ಸರಕಾರ ೨೦೨೩ರಲ್ಲಿ ಒಪ್ಪಿಗೆ ಕೊಟ್ಟಿದೆ ಎಂಬುದು ಸಂಭಾಜಿನಗರದ ಬಂಧುಗಳಿಗೆ ಗೊತ್ತಿರಬೇಕು.

ಆದರೆ ನಮ್ಮ ಮನೆಯ ಆಸೆ ನಕ್ಷತ್ರದ್ದಲ್ಲ. ನನ್ನ ತಂಗಿ ೨೦೧೭ರಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಳು. ಹೊಟ್ಟೆ ಉಬ್ಬರ, ಊಟ ಸೇರುವುದಿಲ್ಲ ಎನ್ನುತ್ತಿದ್ದಳು; ಅಜೀರ್ಣವೆಂದು ಓಮ, ಜೀರಿಗೆ ಕಷಾಯ ಎಲ್ಲ ಆಯಿತು. ಈ ರೋಗದ ಕುಹಕವೇ ಅದು. ಗುರುತು ಸಿಗುವ ಹೊತ್ತಿಗೆ ಬಹಳ ಮುಂದೆ ಹೋಗಿರುತ್ತದೆ. ಅವಳ ಮಗ ಧಾರವಾಡದಿಂದ ಬಂದು ನಮ್ಮಲ್ಲೇ ಇದ್ದು ನಾಸಿಕದಲ್ಲಿ ಇಂಜಿನಿಯರಿಂಗ್ ಓದಿದ. ಆ ಅಕ್ಟೋಬರಿನಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರಿಗೂ ಬಂದಿತಷ್ಟೆ. ಅವರ ಪ್ರಯೋಗಶಾಲೆಯೂ ಪ್ರೋಟೀನುಗಳ ಲೆಕ್ಕವನ್ನು 'ರೊಸೆಟ್ಟಾ ಅಟ್ ಹೋಮ್' ಎಂಬ ಹೆಸರಿನಲ್ಲಿ ಹೀಗೆ ಮನೆಮನೆಗೆ ಹಂಚುತ್ತ ಬಂದದ್ದೆಂದು ಹುಡುಗ ಓದಿಕೊಂಡು, "ದೊಡ್ಡವ್ವಾ, ನಾವೂ ಒಂದು ಮಾಡೂಣೇನು? ಕ್ಯಾನ್ಸರಿಂದೂ ಲೆಕ್ಕಾ ಅದಾವ" ಎಂದ.

ಆ ಲೆಕ್ಕದ ಹೆಸರು 'ಮ್ಯಾಪಿಂಗ್ ಕ್ಯಾನ್ಸರ್ ಮಾರ್ಕರ್ಸ್'. ೨೦೦೪ರಲ್ಲಿ ಐಬಿಎಂ ಕಂಪನಿ ತೆರೆದು, ೨೦೨೧ರಲ್ಲಿ ಟೊರಾಂಟೋದ ಕ್ರೆಂಬಿಲ್ ಸಂಶೋಧನಾ ಸಂಸ್ಥೆಗೆ ವಹಿಸಿಕೊಟ್ಟ 'ವರ್ಲ್ಡ್ ಕಮ್ಯೂನಿಟಿ ಗ್ರಿಡ್' ಎಂಬ ಛತ್ರದ ಕೆಳಗೆ ಇದು ೨೦೧೩ರಲ್ಲಿ ಆರಂಭವಾಯಿತು. ರೋಗಿಗಳ ದೇಹದಿಂದ ತೆಗೆದ ಮಾದರಿಗಳಲ್ಲಿ ಸಾವಿರಾರು ಜೀನುಗಳ ಅಳತೆ ಇರುತ್ತದೆ. ಯಾವ ಕೆಲವು ಜೀನುಗಳನ್ನು ಒಟ್ಟಿಗೆ ನೋಡಿದರೆ ರೋಗ ಮೊದಲೇ ತಿಳಿದೀತು? ಇದು ಪ್ರಶ್ನೆ. ಕೇಳಲು ಸುಲಭ. ಬರೀ ನೂರು ಜೀನುಗಳಲ್ಲಿ ಹತ್ತನ್ನು ಆರಿಸುವ ಬಗೆ ಎಷ್ಟೆಂದು ಕಾಗದದ ಮೇಲೆ ಮಾಡಿ ನೋಡಿದೆ: ೧೭ ಲಕ್ಷ ಕೋಟಿಗೂ ಮೇಲೆ! ನೂರಕ್ಕೇ ಹೀಗಾದರೆ ಸಾವಿರಗಳ ಪಾಡೇನು? ಲೋಕದ ಮನೆಗಳ ಬಾಗಿಲು ಏಕೆ ತಟ್ಟಿದರೆಂದು ಆಗ ಅರ್ಥವಾಯಿತು.

ಮನೆಯಲ್ಲಿ ಒಪ್ಪದಿದ್ದವರು ನಮ್ಮವರು. "ಕರೆಂಟು ನಮ್ದು, ಲೆಕ್ಕಾ ಕೆನಡಾದವರದು. ಇದೆಂಥಾ ದಾನಾ? ಆ ರೊಕ್ಕಾ ಯಾವುದರೆ ದವಾಖಾನಿಗೆ ಕೊಟ್ಟರ ಒಬ್ಬರ ಔಷಧ ಆದೀತು" ಎಂದರು. ಮಾತು ತಳ್ಳಿಹಾಕುವಂಥದಲ್ಲ. ನಾನು ಅವರಿಗೆ ಪಾಟಣದ ಶಾಸನದ ನೆನಪು ಮಾಡಿದೆ. ಸಂಭಾಜಿನಗರದಿಂದ ಹೊರಟು, 'ಕನ್ನಡ' ಎಂದೇ ಹೆಸರಿರುವ ಊರನ್ನು ದಾಟಿ ಘಾಟು ಇಳಿದರೆ ಚಾಳೀಸಗಾಂವ್. ಅದರ ಹತ್ತಿರ ಪಾಟಣಾದೇವಿ. ದೇವಗಿರಿಯ ಸೇವುಣರ ಕಾಲದಲ್ಲಿ, ೧೨೦೭ರಲ್ಲಿ, ಭಾಸ್ಕರಾಚಾರ್ಯರ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳನ್ನು ಓದಿಸಲು ಅಲ್ಲಿ ಮಠ ಕಟ್ಟಿಸಿದ್ದನ್ನೂ ಅದಕ್ಕೆ ದತ್ತಿ ದೊರೆತದ್ದನ್ನೂ ಆ ಶಾಸನ ಹೇಳುತ್ತದೆ. ಲೆಕ್ಕಕ್ಕೆ ದಾನ ಕೊಡುವುದು ಈ ಸೀಮೆಗೆ ಹೊಸದಲ್ಲ. ನಮ್ಮವರು ನಕ್ಕರು. "ಅವರು ಭೂಮಿ ಕೊಟ್ಟರು, ತಿಂಗಳಾ ತಿಂಗಳಾ ಬಿಲ್ಲು ಬರ್ತಿದ್ದಿಲ್ಲ" ಎಂದರು. ಕಡೆಗೆ ಒಪ್ಪಂದವೆಂದರೆ ಯಂತ್ರಕ್ಕೆ ೩೦,೦೦೦ ರೂಪಾಯಿಯ ಮೇಲೆ ಒಂದು ಕಾಸೂ ಇಲ್ಲ. ಬಿಲ್ಲಿನ ಲೆಕ್ಕ ಅವರ ಕೈಯಲ್ಲಿ.

ಹುಡುಗನ ಮೊದಲ ಪಟ್ಟಿಯಲ್ಲಿ ಬಣ್ಣ ಬಣ್ಣದ ದೀಪ ಉರಿಯುವ ಫ್ಯಾನುಗಳಿದ್ದವು, ಗಾಜಿನ ಪೆಟ್ಟಿಗೆ ಇತ್ತು, ಹಳೆಯದೊಂದು ಗ್ರಾಫಿಕ್ಸ್ ಕಾರ್ಡೂ ಇತ್ತು. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದವರು ೨೦೨೨ರ ಸೆಪ್ಟೆಂಬರಿನಲ್ಲಿ ತಮ್ಮ ಪದ್ಧತಿ ಬದಲಿಸಿದ ಮೇಲೆ ಅಂಥ ಕಾರ್ಡುಗಳು ರಾಶಿಗಟ್ಟಲೆ ಹಳೇ ಸಾಮಾನಿನ ಪೇಟೆಗೆ ಬಂದವಂತೆ. ಹಗಲಿರುಳು ದುಡಿದು ಬಸವಳಿದ ಎತ್ತುಗಳು ಅವು. ಅಲ್ಲದೆ ನಮಗೆ ಬೇಕಾದ ಕ್ಯಾನ್ಸರಿನ ಲೆಕ್ಕ ನಡೆಯುವುದು ಪ್ರೊಸೆಸರಿನ ಮೇಲೆ. ಕಾರ್ಡಿಗೆ ಅಲ್ಲಿ ಕೆಲಸವೇ ಇಲ್ಲ. ಕಾರ್ಡು ಪಟ್ಟಿಯಿಂದ ಹೋಯಿತು. ದೀಪಗಳು ಅದರ ಹಿಂದೆಯೇ ಹೋದವು.

ನಾನು ಹಿಡಿದ ಹಟ ಇನ್ನೊಂದು. ಆಫೀಸುಗಳು ಹೊರಹಾಕಿದ ಹಳೆಯ ಯಂತ್ರ ಹತ್ತು ಸಾವಿರಕ್ಕೆ ಸಿಗುವಾಗ ಹೊಸದೇಕೆ? ಹುಡುಗ ಕಾಗದ ತೆಗೆದ. ಹಳೆಯದರಲ್ಲಿ ನಾಲ್ಕು ಕೋರು. ಏಕಕಾಲಕ್ಕೆ ನಾಲ್ಕು ಲೆಕ್ಕ. ವಿದ್ಯುತ್ತು ಸುಮಾರು ೬೫ ವಾಟ್. ಹಗಲಿರುಳು ನಡೆದರೆ ತಿಂಗಳಿಗೆ ೪೭ ಯೂನಿಟ್. ಹೊಸ ರೈಜನ್ ೫ರಲ್ಲಿ ಆರು ಕೋರು, ಒಂದೊಂದೂ ಎರಡೆರಡು ಲೆಕ್ಕ ಹಿಡಿಯುತ್ತದೆ. ಹನ್ನೆರಡು ಲೆಕ್ಕಕ್ಕೆ ಸುಮಾರು ೧೦೮ ವಾಟ್, ತಿಂಗಳಿಗೆ ೭೮ ಯೂನಿಟ್. ಮೇವು ಎರಡು ಪಟ್ಟೂ ಇಲ್ಲ, ಕೆಲಸ ಮೂರು ಪಟ್ಟು. ನಮ್ಮ ಮನೆಯ ಬಳಕೆ ತಿಂಗಳಿಗೆ ನೂರು ಯೂನಿಟ್ ದಾಟುವುದರಿಂದ ಮೇಲಿನ ಒಂದೊಂದು ಯೂನಿಟ್ಟಿಗೂ ಎಲ್ಲ ಸೇರಿ ೧೩ ರೂಪಾಯಿಯ ಹತ್ತಿರ ಬೀಳುತ್ತದೆ. ಅಗ್ಗಕ್ಕೆ ಸಿಕ್ಕ ಮುದಿ ಎತ್ತು ವರ್ಷದೊಳಗೆ ದುಬಾರಿಯಾಗುವುದು ಹೀಗೆ.

ಪ್ರೊಸೆಸರಿನಲ್ಲೂ ಎರಡು ಬಗೆ ಇತ್ತು. ೫೬೦೦ ಎಂಬುದಕ್ಕೆ ಒಳಗಿನ ಕ್ಯಾಶ್ ನೆನಪು ೩೨ ಎಂಬಿ, ೫೬೦೦ಜಿ ಎಂಬುದಕ್ಕೆ ಅದರ ಅರ್ಧ. ಮೊದಲನೆಯದೇ ಗಟ್ಟಿ. ಆದರೆ ಅದಕ್ಕೆ ತಾನಾಗಿ ಪರದೆಯ ಮೇಲೆ ಚಿತ್ರ ತೋರಿಸಲು ಬಾರದು. ಅದಕ್ಕಾಗಿ ಬೇರೆ ಕಾರ್ಡು ಬೇಕು, ಆ ಕಾರ್ಡಿಗೆ ಬೇರೆ ಮೇವು. ಆದ್ದರಿಂದ ಜಿ ಇರುವುದನ್ನೇ ಆರಿಸಿದೆವು. ಹಣ ಹೆಚ್ಚು ಹಾಕಿದ್ದು ಯಾರ ಕಣ್ಣಿಗೂ ಬೀಳದ ಪವರ್ ಸಪ್ಲೈಗೆ. ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಕೆಲಸಕ್ಕೆ ಹೋಗುತ್ತದೆ, ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಎಂಬುದು ಅದರ ಕೈಯಲ್ಲಿದೆ. '೮೦ ಪ್ಲಸ್ ಬ್ರಾಂಜ್' ಮುದ್ರೆ ಇರುವ ೪೫೦ ವಾಟಿನದು ನಮಗೆ ಧಾರಾಳವಾಯಿತು. ಮುದ್ರೆಯೇ ಇಲ್ಲದ್ದು ಅರ್ಧ ಬೆಲೆಗೆ ಇತ್ತು, ಮುಟ್ಟಲಿಲ್ಲ. ಡಿಸ್ಕು ಚಿಕ್ಕದು ಸಾಕು. ಯುಪಿಎಸ್ ಬೇಡವೆಂದೆವು; ಲೆಕ್ಕ ನಡೆಯುವಾಗ ಯಂತ್ರ ಆಗಾಗ ಗುರುತು ಹಾಕಿಕೊಳ್ಳುತ್ತದೆ, ಕರೆಂಟು ಹೋಗಿ ಬಂದರೆ ಆ ಗುರುತಿನಿಂದ ಮುಂದುವರಿಸುತ್ತದೆ. ರ್‍ಯಾಮ್ ಮಾತ್ರ ಎಂಟೆಂಟು ಜಿಬಿಯ ಎರಡು ತುಂಡು, ಜೋಡಿಯಾಗಿಯೇ. ಒಂದೇ ದೊಡ್ಡ ತುಂಡಿಗಿಂತ ಜೋಡಿ ಹೂಡಿದರೆ ನೆನಪಿನ ಓಡಾಟ ಚುರುಕು.

ನಾಸಿಕದ ಅಂಗಡಿಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಗೇಮಿಂಗ್‌ಸಾಠೀ ಕಾ?" ಅಲ್ಲವೆಂದರೆ, "ಮಗ ಎಡಿಟಿಂಗ್?" ಅದೂ ಅಲ್ಲ, ಪರರ ಲೆಕ್ಕಕ್ಕೆ ಎಂದು ಹೇಳಿದಾಗ ಆತ ನನ್ನನ್ನು ಬಿಟ್ಟು ಹುಡುಗನ ಮುಖ ನೋಡಿದ. ಬೆಲೆ ಹೋಲಿಸಿ ನೋಡಿ, ಒಂದು ಬೆಳಿಗ್ಗೆ ಪಂಚವಟಿ ಎಕ್ಸ್‌ಪ್ರೆಸ್ ಹತ್ತಿ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೆ ಹೋದೆವು. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಮುಂಬಯಿಗೆ ಇದು ಹಾಗೆ. ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ ಎಂದವರುಂಟು. ಬಿಲ್ಲಿಲ್ಲದೆ ವಾರಂಟಿ ಇಲ್ಲ, ಹಗಲಿರುಳು ದುಡಿಯುವ ಯಂತ್ರಕ್ಕೆ ವಾರಂಟಿ ಇಲ್ಲದಿದ್ದರೆ ಹೇಗೆ? ಒಟ್ಟು ೨೮,೭೦೦ ರೂಪಾಯಿ ಆಯಿತು. ಸಂಜೆಯ ಗಾಡಿಯಲ್ಲಿ ಇಗತಪುರಿ ಘಾಟು ಹತ್ತುವವರೆಗೂ ಮದರ್‌ಬೋರ್ಡಿನ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು.

ಜೋಡಿಸಿದ ಮೇಲೆ ಹುಡುಗ ಇನ್ನೊಂದು ಉಪಾಯ ಮಾಡಿದ. ಪ್ರೊಸೆಸರಿಗೆ ೪೫ ವಾಟಿನ ಮಿತಿ ಹಾಕಿದ. ಗೋಡೆಯ ಪ್ಲಗ್ಗಿಗೆ ಚಿಕ್ಕ ಮೀಟರು ಸಿಕ್ಕಿಸಿ ನೋಡಿದರೆ ೧೦೮ ಇದ್ದದ್ದು ೭೯ಕ್ಕೆ ಇಳಿದಿತ್ತು. ಕೆಲಸ ನಿಧಾನವಾದದ್ದು ಹತ್ತರಲ್ಲಿ ಒಂದು ಪಾಲು. ತಿಂಗಳಿಗೆ ೫೭ ಯೂನಿಟ್, ೭೪೧ ರೂಪಾಯಿ. ನಮ್ಮವರು ಕೂಡಲೆ ಐದು ವರ್ಷಕ್ಕೆ ಗುಣಿಸಿದರು: ೪೪,೪೬೦. "ಎತ್ತಿಗಿಂತ ಮೇವಿಂದs ಜಾಸ್ತಿ ಆತಲ್ಲ" ಎಂದರು. ರಾತ್ರಿ ಮಲಗುವಾಗ ಯಂತ್ರ ಬಂದ್ ಮಾಡಬೇಕೆಂದು ಅಪ್ಪಣೆಯಾಯಿತು. ಒಂದು ತಿಂಗಳು ಹಾಗೆಯೇ ನಡೆಯಿತು.

ಆಮೇಲೆ ಒಂದು ರಾತ್ರಿ ಅವರು ತಾವೇ ಹುಡುಗನನ್ನು ಕರೆದು ಕೇಳಿದರು. "ಇದು ನಿಮ್ಮವ್ವನ ಬ್ಯಾನಿ ಲೆಕ್ಕ ಏನ?"

"ಅಲ್ಲ ದೊಡ್ಡಪ್ಪಾ. ಅಂಡಾಶಯದ್ದು ಹಿಂದs ಮಾಡ್ಯಾರ. ಮೊದಲ ಶ್ವಾಸಕೋಶ, ಆಮ್ಯಾಲ ಅದು. ಈಗ ಬ್ಯಾರೇದು ನಡದದ."

ನಮ್ಮವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಂಗಾರ ಆಕೀ ಲೆಕ್ಕಾ ಬ್ಯಾರೆ ಮಂದಿ ಮಾಡ್ಯಾರ. ತಮ್ಮ ಕರೆಂಟಿನ್ಯಾಗ" ಎಂದರು. ಮತ್ತೆ, "ಇರ್ಲಿ, ರಾತ್ರಿ ಬಂದ್ ಮಾಡಬ್ಯಾಡ್ರಿ" ಎಂದು ಒಳಗೆ ಹೋದರು.

ಹುಡುಗ ಈಗ ಪುಣೆಯಲ್ಲಿ ನೌಕರಿಗೆ ಸೇರಿದ್ದಾನೆ. ಯಂತ್ರ ನನ್ನ ಪಾಲಿಗೆ ಬಂದಿದೆ. ಪ್ರತಿ ಅಮಾವಾಸ್ಯೆಗೆ ಬಾಗಿಲು ತೆಗೆದು ಮೆತ್ತನೆ ಕುಂಚದಿಂದ ಧೂಳು ಕೊಡವುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ನಿಲ್ಲಿಸಿ ಸಂಜೆ ಹಚ್ಚುತ್ತೇನೆ. ಕೆಲಸ ಬಾರದ ದಿನಗಳೂ ಇರುತ್ತವೆ, ಅದಕ್ಕಾಗಿ ಎರಡನೆಯ ಯೋಜನೆಯೊಂದಕ್ಕೂ ಹೆಸರು ಹಚ್ಚಿದ್ದೇನೆ. ಆ ಎರಡನೆಯದರ ಕೆಲವು ಲೆಕ್ಕ ಒಂದೊಂದಕ್ಕೂ ಒಂದು ಜಿಬಿಗಿಂತ ಹೆಚ್ಚು ನೆನಪು ಕೇಳುವುದರಿಂದ, ಹನ್ನೆರಡೂ ಒಟ್ಟಿಗೆ ಕೂತರೆ ನಮ್ಮ ಹದಿನಾರು ಜಿಬಿಯಲ್ಲಿ ಉಸಿರು ಕಟ್ಟುತ್ತದೆ. ಇನ್ನೆರಡು ತುಂಡು ಹಾಕೋಣವೆಂದರೆ ೨೦೨೫ರ ಕೊನೆಗೆ ರ್‍ಯಾಮಿನ ಬೆಲೆ ಆಕಾಶಕ್ಕೆ ಏರಿತು. ನಮ್ಮವರ ಮುಂದೆ ಆ ಮಾತನ್ನು ಎತ್ತುವ ಧೈರ್ಯ ಇನ್ನೂ ಬಂದಿಲ್ಲ. ಬೋರ್ಡಿನಲ್ಲಿ ಎರಡು ಗೂಡು ಖಾಲಿ ಇವೆ. ಸಂಘದ ಬಂಧುಗಳಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಕೆಟ್ಟುಹೋದ ಡೆಸ್ಕ್‌ಟಾಪಿನ ಡಿಡಿಆರ್ ೪ ರ್‍ಯಾಮ್, ಎಂಟು ಜಿಬಿಯದು, ಬಿದ್ದಿದ್ದರೆ ಮುಂದಿನ ಸಭೆಗೆ ಬರುವಾಗ ಚೀಲದಲ್ಲಿ ಹಾಕಿಕೊಂಡು ಬನ್ನಿ. ಲ್ಯಾಪ್‌ಟಾಪಿನದು ಕೂರುವುದಿಲ್ಲ, ಅದು ಗಿಡ್ಡ.