ಸೋಮಾರಿ ಲೈಬ್ರರಿಯ ಜಾಣತನ

ನಲವತ್ತು ಅಂಕಿಯ ಎರಡು ಸಂಖ್ಯೆ ಮುಂದಿಟ್ಟು ಯಾವುದು ದೊಡ್ಡದೆಂದು ಕೇಳಿದರೆ ಪ್ರೊಸೆಸರ್‌ಗೆ ಒಂದೇಟಿಗೆ ಹೇಳಲಾಗದು. ಅದರ ಕೈಗೆ ಒಮ್ಮೆಗೆ ಸಿಗುವುದು 64 ಬಿಟ್, ಹೆಚ್ಚೆಂದರೆ 20 ಅಂಕಿ. ಅದರಾಚೆಗೆ ಜಿಎಂಪಿಯಂಥ ಲೈಬ್ರರಿ ಬೇಕು. ಟೋರ್ಬ್ಯೋರ್ನ್ ಗ್ರಾನ್‌ಲುಂಡ್ 1991ರಲ್ಲಿ ಹೊರತಂದ ಇದರ ಸಿ ಕೋಡನ್ನು ಊಟವಾದ ಮೇಲೆ ಓದುತ್ತ ಕೂರುವುದು ನನ್ನ ಚಟ. ಪತ್ತೇದಾರಿ ಕಾದಂಬರಿಗಿಂತ ರುಚಿ.

ಇಲ್ಲಿ ದೊಡ್ಡ ಸಂಖ್ಯೆ ತುಂಡುತುಂಡಾಗಿರುತ್ತದೆ. ತುಂಡಿಗೆ ಲಿಂಬ್ ಎಂದು ಹೆಸರು. ಜೊತೆಗೆ ಎಷ್ಟು ತುಂಡು ಎಂಬ ಒಂದು ಎಣಿಕೆ. ನಾನು ಮರುಳಾಗಿರುವುದು ಈ ಎಣಿಕೆಗೆ. ಸಂಖ್ಯೆ ಋಣವಾದರೆ ಎಣಿಕೆಯನ್ನೇ ಋಣ ಮಾಡಿಬಿಡುತ್ತಾರೆ. ಸೊನ್ನೆಯಾದರೆ ಎಣಿಕೆಯೂ ಸೊನ್ನೆ. ಧನವೋ ಋಣವೋ ಎಂದು ಕೇಳಿ, ಒಂದೂ ಅಂಕಿ ಮುಟ್ಟದೆ ಉತ್ತರ ಬರುತ್ತದೆ.

ಹೋಲಿಸುವಾಗಲೂ ಹಾಗೇ. ಮೊದಲು ಎರಡರ ಎಣಿಕೆ ನೋಡುತ್ತದೆ. ಬೇರೆಬೇರೆ ಇದ್ದವೋ, ತೀರ್ಪು ಅಲ್ಲೇ. ಚಿಹ್ನೆಯ ತಕರಾರೂ ಅದರಲ್ಲೇ ತೀರುತ್ತದೆ: ಎಣಿಕೆ ಮೈನಸ್ 3 ಇದ್ದದ್ದು ಮೈನಸ್ 2 ಇದ್ದದ್ದಕ್ಕಿಂತ ಚಿಕ್ಕದೇ ತಾನೆ! ಎಣಿಕೆ ಒಂದೇ ಆದರೆ ಮಾತ್ರ ಮೇಲಿನ ತುಂಡಿನಿಂದ ಇಳಿಯುತ್ತ ಬಂದು, ಮೊದಲ ವ್ಯತ್ಯಾಸ ಕಂಡಲ್ಲಿ ನಿಲ್ಲುತ್ತದೆ. ಉತ್ತರ ಧನ, ಸೊನ್ನೆ ಅಥವಾ ಋಣ, ಅಷ್ಟೇ. 1 ಅಥವಾ ಮೈನಸ್ 1 ಬಂದೇ ಬರುತ್ತದೆಂದು ನಂಬಿದ ಹೊಸಬರು ಎಡವುತ್ತಾರೆ.

ಪೂರ್ಣ ವರ್ಗವೇ ಎಂಬ ಪರೀಕ್ಷೆ ಇನ್ನೂ ಸೊಗಸು. ಯಾವ ವರ್ಗವನ್ನೇ ತೆಗೆದುಕೊಳ್ಳಿ, ಕೊನೆಯ 8 ಬಿಟ್‌ಗೆ ಸಾಧ್ಯವಿರುವ 256 ರೂಪಗಳಲ್ಲಿ ಅದು ತಾಳಬಲ್ಲದ್ದು 44 ಮಾತ್ರ. ಉಳಿದ ರೂಪದ್ದನ್ನೆಲ್ಲ ಬಾಗಿಲಲ್ಲೇ ಮಾತಾಡಿಸಿ ಕಳಿಸಬಹುದು. ಚಿಕ್ಕ ಭಾಜಕಗಳ ಶೇಷವನ್ನೂ ನೋಡಿಬಿಟ್ಟರೆ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಸಂಖ್ಯೆಗಳು ವಾಪಸ್. ವರ್ಗಮೂಲ ತೆಗೆಯುವ ಕಷ್ಟ ಮಿಕ್ಕವಕ್ಕೆ ಮಾತ್ರ. ಅವಿಭಾಜ್ಯವೇ ಎಂದರೆ 0, 1, 2 ಎಂದು ಮೂರು ಉತ್ತರ: ಅಲ್ಲ, ಬಹುಶಃ ಹೌದು, ಖಂಡಿತ ಹೌದು. ಆ ನಡುವಿನದರ ಪ್ರಾಮಾಣಿಕತೆ ನನಗೆ ಹಿಡಿಸಿದೆ.

ಈ ಸೋಮಾರಿಯನ್ನು ದುಡಿಸುವ ದಾರಿಯೂ ಇದೆ. 2024ರ ಅಕ್ಟೋಬರಿನಲ್ಲಿ ಪತ್ತೆಯಾದ ಮೆರ್ಸೆನ್ ಅವಿಭಾಜ್ಯ, 2ರ ಘಾತ 13,62,79,841ರಿಂದ 1 ಕಳೆದದ್ದು, ಅದರಲ್ಲಿ 4,10,24,320 ಅಂಕಿ. ಸಮವೋ ಬೆಸವೋ ಎಂದರೆ ಲೈಬ್ರರಿ ಒಂದೇ ಬಿಟ್ ನೋಡಿ ಬೆಸ ಎನ್ನುತ್ತದೆ. ಅದಕ್ಕಿಂತ ಒಂದೇ ಒಂದು ಕಡಿಮೆ ಇರುವ ಸಂಖ್ಯೆಯನ್ನು ಪಕ್ಕಕ್ಕೆ ನಿಲ್ಲಿಸಿ ಯಾವುದು ದೊಡ್ಡದೆಂದು ಕೇಳಿ ನೋಡಿ: ವ್ಯತ್ಯಾಸವಿರುವುದು ಕಟ್ಟಕಡೆಯ ತುಂಡಿನಲ್ಲಿ, 21,29,373 ತುಂಡುಗಳನ್ನೂ ಒಂದು ಬಿಡದೆ ಇಳಿದೇ ಬರಬೇಕು.